ಓಲಗದ ಪೀಪಿ ಮತ್ತು ಉಸಿರಿನ ಒತ್ತಡ

ಯಲ್ಲಾಪುರ ತಾಲೂಕಿನ ಇಡಗುಂದಿಯೂ ಸೇರಿದಂತೆ ಘಟ್ಟದ ಮೇಲಿನ ಸೀಮೆಯಲ್ಲಿ ದೇವರ ಉತ್ಸವಕ್ಕೆ ಪಂಚವಾದ್ಯ ಇರಲೇಬೇಕು. ಅದರಲ್ಲಿ ಓಲಗ ಊದುವವರ ಉಬ್ಬಿದ ಕೆನ್ನೆಯನ್ನು ಕಂಡವರು, ಈ ವಾದ್ಯಕ್ಕೆ ದೊಡ್ಡ ಶ್ವಾಸಕೋಶ ಬೇಕೆಂದು ಭಾವಿಸುವುದುಂಟು. ನಿಜವಾಗಿ ಬೇಕಾದುದು ಗಾಳಿಯ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಒತ್ತಡದ ಮೇಲಿನ ಹಿಡಿತ.

ನಾಗಸ್ವರ, ಶಹನಾಯಿ (ಉತ್ತರ ಕರ್ನಾಟಕದ ಸನಾದಿ), ಮೂಡಲಪಾಯದ ಮುಖವೀಣೆ, ಪಾಶ್ಚಾತ್ಯರ ಓಬೋ ಇವೆಲ್ಲ ಒಂದೇ ಕುಲದವು. ಇವುಗಳ ಬಾಯಲ್ಲಿ ಎರಡು ತೆಳು ಪದರಗಳ ಪೀಪಿ ಇರುತ್ತದೆ. ನಾಗಸ್ವರದವರು ಇದನ್ನು ಸೀವಾಳಿ ಎನ್ನುತ್ತಾರೆ. ಒತ್ತಡ ಒಂದು ಮಿತಿಯನ್ನು ಮುಟ್ಟುವವರೆಗೆ ಕೇಳುವುದು ಬರಿಯ ಸುಯ್ಲು. ಮಿತಿ ದಾಟಿದೊಡನೆ ಪದರಗಳು ಕಂಪಿಸಿ ಸ್ವರ ಹೊರಡುತ್ತದೆ. ಒತ್ತಡ ಅತಿಯಾದರೆ ಪದರಗಳು ಒಂದಕ್ಕೊಂದು ಅಂಟಿ ನಾದವೇ ನಿಲ್ಲುತ್ತದೆ. ಧ್ವನಿಶಾಸ್ತ್ರದ ಸರಳ ಲೆಕ್ಕದಲ್ಲಿ ಮೊದಲ ಮಿತಿಯು ಎರಡನೆಯದರ ಸುಮಾರು ಮೂರನೆಯ ಒಂದು ಪಾಲು. ಪೀಪಿ ಗಡುಸಾದಷ್ಟೂ ಎರಡೂ ಮಿತಿಗಳು ಮೇಲೇರುತ್ತವೆ.

ಸಾಮಾನ್ಯ ಮಾತಿಗೆ 5ರಿಂದ 10 ಸೆಂಟಿಮೀಟರ್ ನೀರಿನ ಕಂಬದಷ್ಟು ಒತ್ತಡ ಸಾಕು. ಓಬೋಗೆ ಸುಮಾರು 40ರಿಂದ 100 ಸೆಂಟಿಮೀಟರ್ ಬೇಕು. ಆದರೆ ಅದರ ಸೀಳು ಬಹಳ ಕಿರಿದು. ಗಾಳಿ ಖರ್ಚಾಗುವುದೇ ಕಡಿಮೆ. ಹೀಗಾಗಿ ಉಸಿರು ಮುಗಿಯುವ ಮೊದಲೇ ಅದು ಕೆಡುತ್ತದೆ. ವಾದಕನು ಎದೆಯಲ್ಲಿ ಉಳಿದ ಗಾಳಿಯನ್ನು ಹೊರಬಿಟ್ಟ ಮೇಲೆಯೇ ಹೊಸದನ್ನು ಎಳೆದುಕೊಳ್ಳಬೇಕು. ನಮ್ಮ ಶ್ರುತಿವಾದ್ಯ ‘ಒತ್ತು’ ಊದುವವರ ದಾರಿಯೇ ಬೇರೆ. ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯನ್ನು ಒತ್ತುತ್ತಲೇ ಮೂಗಿನಿಂದ ಉಸಿರೆಳೆದು ಆಧಾರ ಷಡ್ಜವನ್ನು ಕಡಿಯದೆ ನಿಲ್ಲಿಸುತ್ತಾರೆ. ಮೇಳದಲ್ಲಿ ಇವರತ್ತ ಯಾರ ಗಮನವೂ ಹರಿಯದಿರುವುದು ಅನ್ಯಾಯವೇ ಸರಿ.

ಓಬೋ ಪೀಪಿಗೆ ಲಾಳದ ಜಾತಿಯ ಬೆತ್ತದಂಥ ಗಿಡ, ನಾಗಸ್ವರಕ್ಕೆ ಜೊಂಡು ಜಾತಿಯ ಹುಲ್ಲು. ಎರಡನ್ನೂ ನುಡಿಸುವ ಮೊದಲು ತೇವಗೊಳಿಸಲೇಬೇಕು. ಒಣಗಿದ ಪೀಪಿ ಬಿಗಿಯುತ್ತದೆ. ಹೆಚ್ಚು ನೆನೆದರೆ ಮೆತ್ತಗಾಗಿ ಶ್ರುತಿ ಇಳಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಇದನ್ನು ಕಾಪಾಡುವುದು ಸಣ್ಣ ಕೆಲಸವಲ್ಲ. ನಾಗಸ್ವರದ ಕೊರಳಿಗೆ ಬದಲಿ ಪೀಪಿಗಳನ್ನೂ ಸೀಳು ಬಿಡಿಸುವ ಸೂಜಿಯನ್ನೂ ತೂಗುಬಿಟ್ಟಿರುವುದು ಅಲಂಕಾರಕ್ಕಲ್ಲ.

1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕಾಗಿ ಬಿಸ್ಮಿಲ್ಲಾ ಖಾನ್ ನುಡಿಸಿದ ಶಹನಾಯಿಯನ್ನು ಗಮನವಿಟ್ಟು ಕೇಳಿದರೆ, ಮೆಲುದನಿಯಲ್ಲೂ ಸ್ವರ ಕುಸಿಯದಿರುವುದು ತಿಳಿಯುತ್ತದೆ. ಏರುದನಿಗಿಂತ ಇದೇ ಕಷ್ಟ.

ಗಡುಸು ಪೀಪಿಯಿಂದಲೇ ಕಲಿಕೆ ಆರಂಭಿಸುವುದು ಒಳ್ಳೆಯದಲ್ಲ. ಹೆಚ್ಚು ಪ್ರತಿರೋಧವುಳ್ಳ ವಾದ್ಯಗಳನ್ನು ಊದುವಾಗ ಕಣ್ಣಿನೊಳಗಿನ ಒತ್ತಡವೂ ತಾತ್ಕಾಲಿಕವಾಗಿ ಏರುವುದನ್ನು ವೈದ್ಯಕೀಯ ಅಧ್ಯಯನಗಳು ಗುರುತಿಸಿವೆ. ಗ್ಲಾಕೋಮಾ ಇರುವ ವಾದಕರು ತಮ್ಮ ವೃತ್ತಿಯನ್ನು ನೇತ್ರವೈದ್ಯರಿಗೆ ತಿಳಿಸುವುದು ಅಗತ್ಯ.