ನಾದ ಬರೆದ ಚಿತ್ರ

ಹಂಪಿ ಬಜಾರಿನ ಉದ್ದಕ್ಕೂ ನಡೆದು ವಿರೂಪಾಕ್ಷನ ಗುಡಿಯನ್ನು ಹೊಕ್ಕವರು ಹಿಂಬದಿಯ ಕತ್ತಲೆಯ ಕೋಣೆಯೊಂದರಲ್ಲಿ ನಿಂತು ಬೆರಗಾಗುತ್ತಾರೆ. ಕಿರುಗಂಡಿಯಿಂದ ತೂರಿಬಂದ ಬೆಳಕು ಮೂಡಣ ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಬರೆದಿರುತ್ತದೆ. ಹೊರಗಿನದನ್ನು ಒಳಗೆ ಕಾಣಿಸುವ ವಿದ್ಯೆ ಅದು. ದೇಹದ ಒಳಗನ್ನು ಹೊರಗೆ ಕಾಣಿಸುವ ವಿದ್ಯೆ ಮನುಷ್ಯನಿಗೆ ಒಲಿದದ್ದು ಬಹುಕಾಲದ ನಂತರ.

ಕೆಲವು ವರ್ಷಗಳ ಹಿಂದೆ ಹೊಸಪೇಟೆಯಲ್ಲಿ ನನ್ನ ಎಂಟು ತಿಂಗಳ ಮೊಮ್ಮಗಳಿಗೆ ಜ್ವರ ಬಂದಿತು. ನೆಗಡಿಯಿಲ್ಲ, ಕೆಮ್ಮಿಲ್ಲ. 'ಹಲ್ಲು ಮೂಡುವ ಜ್ವರ' ಎಂದರು ಮನೆಯವರು, ನಾನೂ ತಲೆದೂಗಿದೆ. ಮೂರನೆಯ ದಿನ ವೈದ್ಯರು ಮೂತ್ರವನ್ನು ಪರೀಕ್ಷಿಸಿ, ಸೋಂಕೆಂದು ಹೇಳಿ ಔಷಧ ಕೊಟ್ಟರು. ಸೋಂಕು ಮೇಲೇರಿ ಎಳೆಯ ಮೂತ್ರಪಿಂಡದಲ್ಲಿ ಗಾಯದ ಗುರುತು ಉಳಿದರೆ ಮುಂದೆ ರಕ್ತದೊತ್ತಡಕ್ಕೆ ದಾರಿಯಾದೀತೆಂದು ತಿಳಿಸಿ, ಸ್ಕ್ಯಾನಿಂಗಿಗೆ ಬರೆದುಕೊಟ್ಟರು.

ರಾಂಟ್ಜೆನ್ 1895ರಲ್ಲಿ ಕಂಡುಹಿಡಿದ ಎಕ್ಸ್ ಕಿರಣಕ್ಕೆ ಎಲುಬು ಕಂಡಷ್ಟು ಸ್ಪಷ್ಟವಾಗಿ ಮೂತ್ರಮಾರ್ಗ ಕಾಣುತ್ತಿರಲಿಲ್ಲ. 1929ರಲ್ಲಿ ಬರ್ಲಿನ್ನಿನಲ್ಲಿ ಮೋಸೆಸ್ ಸ್ವಿಕ್ ಎಂಬ ವೈದ್ಯ, ರಕ್ತನಾಳಕ್ಕೆ ಚುಚ್ಚಿದ ದ್ರಾವಣದಿಂದ ಅದನ್ನು ಕಾಣಿಸಿದ. ಮುಂದೆ ದಶಕಗಳ ಕಾಲ ಎಳೆಯ ಮಕ್ಕಳೂ ಆ ಸೂಜಿಯನ್ನೂ ಕಿರಣವನ್ನೂ ಸಹಿಸಬೇಕಾಯಿತು.

ನಾದದ ಕಥೆ ಬೇರೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಕಿವಿಗೆ ನಿಲುಕದ ನಾದವನ್ನು ಎಬ್ಬಿಸಲೂ ಮರುದನಿಯನ್ನು ಹಿಡಿಯಲೂ ಅಂಥ ಹರಳೇ ಸಾಧನವಾಯಿತು. ಲೋಹದೊಳಗಿನ ಬಿರುಕನ್ನು ಹುಡುಕುವ ಇಂಥದೊಂದು ಯಂತ್ರದಿಂದ ಗ್ಲಾಸ್ಗೋದ ಇಯಾನ್ ಡೊನಾಲ್ಡ್ 1955ರಲ್ಲಿ ದೇಹದ ಗೆಡ್ಡೆಗಳನ್ನು ಪರೀಕ್ಷಿಸಿದ. 1958ರಲ್ಲಿ ಸಂಗಡಿಗರೊಡನೆ ಚಿತ್ರಗಳನ್ನು ಪ್ರಕಟಿಸಿದ. ಮೊದಲು ಬಸಿರು, ಆಮೇಲೆ ಮೂತ್ರಪಿಂಡ. ನೀರಿನಂಥ ದ್ರವ ಮರುದನಿ ಕೊಡುವುದಿಲ್ಲ. ಆದ್ದರಿಂದ ಮೂತ್ರ ತುಂಬಿ ಹಿಗ್ಗಿದ ಪಿಂಡ ಪರದೆಯ ಮೇಲೆ ಕಪ್ಪು ಕೊಳದಂತೆ ತೋರುತ್ತದೆ. ಸೂಜಿ ಬೇಡ, ಕಿರಣ ಬೇಡ. ಆದರೂ ಮೂತ್ರ ಹಿಮ್ಮುಖವಾಗಿ ಹರಿಯುವ ದೋಷ ಈ ಕಣ್ಣಿಗೆ ತಪ್ಪಿಹೋಗಬಹುದು. ಸಂಶಯ ಉಳಿದರೆ ಬೇರೆ ಪರೀಕ್ಷೆಗಳು ಬೇಕು.

ಕೋಣೆಯಲ್ಲಿ ನಸುಗತ್ತಲೆ. ಹೊಟ್ಟೆಗೆ ಹಚ್ಚಿದ ತಣ್ಣನೆಯ ಲೇಪಕ್ಕೆ ಕೂಸು ಅತ್ತಿತು. ಗೋಡೆಯ ಮೇಲೆ, ಗರ್ಭದ ಶಿಶುವಿನ ಲಿಂಗವನ್ನು ಇಲ್ಲಿ ತಿಳಿಸುವುದಿಲ್ಲವೆಂಬ ಫಲಕವಿತ್ತು. ಹೆಣ್ಣೆಂದು ತಿಳಿದು ಬಸಿರನ್ನೇ ಕಳೆಯುವುದಕ್ಕೂ ಈ ನಾದ ಬಳಕೆಯಾದ್ದರಿಂದ 1994ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ಅದೇ ಯಂತ್ರದ ಮುಂದೆ ಈ ಹೆಣ್ಣುಕೂಸಿನ ಕಾಲು ಹಿಡಿದುಕೊಂಡು ನಾನು ನಿಂತಿದ್ದೆ.

ಎರಡು ಪಿಂಡಗಳೂ ಚೆನ್ನಾಗಿವೆ ಎಂದರು. ಹಲ್ಲು ಮೂಡಿದ್ದು ಆಮೇಲೆ, ಹನ್ನೊಂದನೆಯ ತಿಂಗಳಲ್ಲಿ. ಕಾರಣ ಕಾಣದ ಜ್ವರಕ್ಕೆ ನಾವೇ ಹೆಸರಿಟ್ಟು ಕಳೆದ ಆ ಎರಡು ದಿನಗಳು ಮಾತ್ರ ನನ್ನನ್ನು ಈಗಲೂ ಚುಚ್ಚುತ್ತವೆ.