ಸೈಕಲ್ ಸವಾರನೂ ಪೊಲೀಸ್ ಸೀಟಿಯೂ

ಕತ್ತಲಾದ ಮೇಲೆ ಪೇದೆ ಕಣ್ಣಿಗೆ ಬಿದ್ದರೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವುದು ಹಿಂದೆ ಬೆಂಗಳೂರಿಗರ ರೂಢಿಯಾಗಿತ್ತು. ಡೈನಮೋ ದೀಪ ಉರಿಯದಿದ್ದರೆ, ಹಿಂದೆ ಡಬಲ್ಸ್ ಕೂತಿದ್ದರೆ ಸೀಟಿ ಕೇಳುತ್ತಿತ್ತು. ದಂಡಕ್ಕೆ ಕಾಸಿಲ್ಲದವನ ಟೈರಿನ ಗಾಳಿ ಹೋಗುತ್ತಿತ್ತು. ಗಾಳಿ ಬಿಡುವ ಶಿಕ್ಷೆ ಯಾವ ಕಾನೂನಿನಲ್ಲಿದೆ ಎಂದು ಕೇಳುವ ಧೈರ್ಯ ಯಾರಿಗಿತ್ತು? ಸಾಲದ್ದಕ್ಕೆ, ತೆರಿಗೆ ಕಟ್ಟಿದ ಗುರುತಿನ ಬಿಲ್ಲೆಯೂ ಸೈಕಲ್ಲಿನ ಮೇಲೆ ಇರಬೇಕಿತ್ತು.

ಬಿಲ್ಲೆಯ ಕಾಲ ಮುಗಿದಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಯಂತ್ರಬಲದಿಂದ ಓಡುವುದಷ್ಟೇ ಮೋಟಾರು ವಾಹನ. ಬರೀ ಪೆಡಲ್ ತುಳಿಯುವವನಿಗೆ ಡ್ರೈವಿಂಗ್ ಲೈಸೆನ್ಸ್ ಬೇಡ, ಆರ್.ಸಿ.ಯೂ ಬೇಡ. ತಡೆದು ನಿಲ್ಲಿಸಿದ ಪೊಲೀಸರು ಅವನ್ನು ಕೇಳುವಂತಿಲ್ಲ. ಹಾಗೆಂದು ಕೆಂಪು ದೀಪ ದಾಟಲು, ಒನ್‌ವೇಯಲ್ಲಿ ಎದುರು ನುಗ್ಗಲು ರಿಯಾಯಿತಿಯೇನಿಲ್ಲ. ಕೈ ತೋರಿಸಿದರೆ ನಿಲ್ಲಲೇಬೇಕು.

ರಸ್ತೆಯಲ್ಲಿ ಸೈಕಲ್ಲಿಗೂ ಪಾಲಿದೆ ಎಂಬ ಮಾತು ಜಯನಗರದಲ್ಲಿ 2012ರಲ್ಲಿ ಬಣ್ಣದ ಗೆರೆಯಾಗಿ ಮೂಡಿತು. ನಗರ ಭೂ ಸಾರಿಗೆ ನಿರ್ದೇಶನಾಲಯದ ಯೋಜನೆಯಂತೆ ಸುಮಾರು 45 ಕಿ.ಮೀ. ಸೈಕಲ್ ಪಥ ಗುರುತಾಯಿತು. ಬಣ್ಣ ಮಾಸುವ ಮುನ್ನವೇ ಅದರ ಮೇಲೆ ಕಾರು, ಸ್ಕೂಟರುಗಳು ನಿಂತವು. ಮರದ ನೆರಳಿದ್ದ ಕಡೆಯಂತೂ ಮೊದಲು! ಸವಾರ ಮತ್ತೆ ನಡುರಸ್ತೆಗೆ ಬಂದ. ಹಿಂದಿನಿಂದ ಬಸ್ಸಿನ ಹಾರನ್, ಮುಂದಿನಿಂದ 'ಪಕ್ಕಕ್ಕೆ ಹೋಗಯ್ಯಾ' ಎಂಬ ಗದರಿಕೆ. ಪಕ್ಕದಲ್ಲಿ ಕಾರು ನಿಂತಿದೆ.