ಹಾಜರಿ ಪುಸ್ತಕದಿಂದ ಮೊಬೈಲಿನವರೆಗೆ



ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರತಿದಿನ ಬೆಳಿಗ್ಗೆ ನಾನು ಮಾಡುತ್ತಿದ್ದ ಮೊದಲ ಕೆಲಸ ಹಾಜರಿ ಕೂಗುವುದು. ಸುಗ್ಗಿ ಮುಗಿದೊಡನೆ ಕೊಹಿನೂರ ಸುತ್ತಲಿನ ಹಳ್ಳಿಗಳ ಹಾಜರಿ ಪುಸ್ತಕದಲ್ಲಿ ಗೈರು ಹೆಚ್ಚುತ್ತಿತ್ತು. ಅನೇಕ ಕುಟುಂಬಗಳು ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಕಟ್ಟಡದ ಕೆಲಸಕ್ಕೆಂದು ಹೊರಡುತ್ತಿದ್ದವು. ಹಲವು ದಿನ ಬಾರದ ಹುಡುಗನ ಹೆಸರಿನ ಮೇಲೆ ನಿಯಮದಂತೆ ನಾನೇ ಗೆರೆ ಎಳೆಯುತ್ತಿದ್ದೆ.

ಹಾಗೆ ಗೆರೆ ಎಳೆಸಿಕೊಂಡ ಒಬ್ಬ ಶಿಷ್ಯನು ಕೆಲವು ವರ್ಷಗಳ ನಂತರ ದೂರದ ನಗರವೊಂದರಲ್ಲಿ ಸಾರವೆಯಿಂದ ಬಿದ್ದು ತೀರಿಕೊಂಡನು. ಅವನ ತಂದೆ ಅರ್ಜಿ ಬರೆಸಲು ನನ್ನಲ್ಲಿಗೆ ಬಂದರು. “ಗುರುಗಳೇ, ಅಲ್ಲಿಯ ಪುಸ್ತಕದಾಗ ಅವನ ಹೆಸರೇ ಇಲ್ಲ ಅಂತಾರ್ರೀ” ಎಂದರು. ಮೇಸ್ತ್ರಿಯ ಜೇಬಿನ ಚಿಕ್ಕ ಪುಸ್ತಕದಲ್ಲಿ ‘ಬೀದರ್ ಕಡೆಯವರು, ಆರು ಜನ’ ಎಂದಷ್ಟೇ ಇತ್ತಂತೆ. ನನ್ನ ಪುಸ್ತಕದಿಂದ ಹೊರಬಿದ್ದ ಹೆಸರು ಬೇರೆ ಯಾವ ಪುಸ್ತಕವನ್ನೂ ಸೇರಿರಲಿಲ್ಲ. ಅರ್ಜಿ ಬರೆದುಕೊಟ್ಟೆ, ಪರಿಹಾರ ಬರಲಿಲ್ಲ. ಈ ಲೇಖನಕ್ಕೆ ಅವನೇ ಕಾರಣ.

ಕಟ್ಟಡ ಕಾರ್ಮಿಕರಿಗಾಗಿ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನು ಬಂದದ್ದು 1996ರಲ್ಲಿ. ನಿರ್ಮಾಣ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ಸಂಗ್ರಹಿಸಿ ಕಾರ್ಮಿಕರ ಕಲ್ಯಾಣಕ್ಕೆ ಬಳಸುವ ವ್ಯವಸ್ಥೆಯೂ ಆಗಲೇ ರೂಪುಗೊಂಡಿತು. ಕರ್ನಾಟಕದ ನಿಯಮಗಳು 2006ರಲ್ಲಿ ಬಂದವು; ಕಲ್ಯಾಣ ಮಂಡಳಿ 2007ರಲ್ಲಿ ರಚನೆಯಾಯಿತು. 18ರಿಂದ 60 ವಯಸ್ಸಿನೊಳಗಿನ ಕಾರ್ಮಿಕನು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದರೆ ಹೆಸರು ನೋಂದಾಯಿಸಬಹುದಾಗಿತ್ತು. ಆದರೆ ಇಂದು ಇಲ್ಲಿ, ನಾಳೆ ಅಲ್ಲಿ ದುಡಿಯುವವನು ಆ 90 ದಿನಗಳಿಗೆ ಸಾಕ್ಷಿಯನ್ನು ಎಲ್ಲಿಂದ ತರಬೇಕು? ಪ್ರಶ್ನೆ ಮತ್ತೆ ಹಾಜರಿ ಪುಸ್ತಕಕ್ಕೇ ಬಂದು ನಿಲ್ಲುತ್ತದೆ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1996ರ ಕಾಯ್ದೆ ಅವುಗಳಲ್ಲಿ ಲೀನವಾಯಿತು. ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಹಾಜರಿಯನ್ನು ಯಂತ್ರಕ್ಕೆ ಒಪ್ಪಿಸುವ ದೊಡ್ಡ ಪ್ರಯೋಗವೊಂದನ್ನು ನಮ್ಮ ಜಿಲ್ಲೆಯ ಹಳ್ಳಿಗಳೂ ಕಂಡವು. ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರುವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಆರಂಭವಾದಾಗ ಅವುಗಳಲ್ಲಿ ಬೀದರವೂ ಒಂದು. ಕೆರೆಯ ಹೂಳು, ಬದು, ರಸ್ತೆಯ ಕೆಲಸಗಳಿಗೆ ಮೊದಲು ಕಾಗದದ ಮಸ್ಟರ್ ರೋಲ್ ಇತ್ತು. ದುಡಿಯದವರ ಹೆಸರಿಗೆ ಕೂಲಿ ಬರೆಯುವ ಚಾಳಿಯ ಕತೆಗಳನ್ನು ನೀವೂ ಕೇಳಿರುತ್ತೀರಿ. ಅದನ್ನು ತಡೆಯಲೆಂದು 2021ರ ಮೇ ತಿಂಗಳಲ್ಲಿ ಮೊಬೈಲ್ ಹಾಜರಿಯ ಆ್ಯಪ್ ಬಂದಿತು. 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿಗಳ ಕಾಮಗಾರಿಗಳನ್ನು ಬಿಟ್ಟು, ಉಳಿದೆಲ್ಲಕ್ಕೂ ಅದು ಕಡ್ಡಾಯವಾಯಿತು. ದಿನಕ್ಕೆ ಎರಡು ಬಾರಿ ಕೆಲಸದ ಸ್ಥಳದ ಗುರುತುಳ್ಳ ಛಾಯಾಚಿತ್ರ ತೆಗೆಯಬೇಕಿತ್ತು. ಕರ್ನಾಟಕದಲ್ಲಿ ಈ ಹೊಣೆ ಹೊತ್ತವರನ್ನು ‘ಕಾಯಕ ಬಂಧು’ ಎಂದು ಕರೆದರು. ಬಸವಣ್ಣನವರ ಕಲ್ಯಾಣದ ನೆಲದವನಾದ ನನಗೆ ಆ ಹೆಸರು ಬಹಳ ಹಿಡಿಸಿತು.

ಆದರೆ ಯಂತ್ರವೂ ಮನುಷ್ಯನ ಕೈಯಲ್ಲಿಯೇ ಇರುವುದಲ್ಲವೇ? ಸಂಬಂಧವಿಲ್ಲದ ಚಿತ್ರಗಳನ್ನೂ, ಚಿತ್ರದ ಚಿತ್ರವನ್ನೂ ಹಾಜರಿಯೆಂದು ಕಳುಹಿಸುತ್ತಿದ್ದುದನ್ನು 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ರಾಜ್ಯಗಳ ಗಮನಕ್ಕೆ ತಂದಿತು. ಇತ್ತ ನೆಟ್‌ವರ್ಕ್ ಸಿಗದ ದಿನ ನಿಜವಾಗಿ ಮಣ್ಣು ಹೊತ್ತವರ ಹಾಜರಿಯೂ ತಪ್ಪುವ ಭಯವಿತ್ತು. ಇನ್ನೊಂದು ಮಾತು: ಆ ಆ್ಯಪ್ ಎಣಿಸಿದ್ದು ತಲೆಗಳನ್ನು. ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ನಿಯಮವಿದ್ದರೂ ಹಾಜರಿಯ ಚಿತ್ರ ಅವುಗಳನ್ನು ಕೇಳಲಿಲ್ಲ.

ನಗರಗಳಲ್ಲಿ ಈ ಕೊರತೆಗೆ ತೆರುವ ಬೆಲೆ ಇನ್ನೂ ದೊಡ್ಡದು. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಮಡಿದರು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ಮತ್ತೊಂದು ಕಟ್ಟಡ ಉರುಳಿತು. ಇಂಥ ಹೊತ್ತಿನಲ್ಲಿ ರಕ್ಷಣೆಗೆ ಬಂದವರು ಕೇಳುವ ಮೊದಲ ಪ್ರಶ್ನೆ, ‘ಒಳಗೆ ಎಷ್ಟು ಜನ ಇದ್ದರು?’ ಎಂಬುದು. ಹಾಜರಿ ಸರಿಯಾಗಿದ್ದರೆ ಉತ್ತರ ಕೂಡಲೇ ಸಿಗುತ್ತದೆ. ಇಲ್ಲವಾದರೆ ಬಂಧುಗಳು ಅವಶೇಷದ ಬಳಿ ಹೆಸರು ಕೂಗುತ್ತಾ ನಿಲ್ಲಬೇಕಾಗುತ್ತದೆ.

ದೊಡ್ಡ ಕಂಪನಿಗಳ ಕಾಮಗಾರಿಗಳಲ್ಲಿ ಈಗ ಗೇಟಿನಲ್ಲಿ ಮುಖ ಗುರುತಿಸುವ ಯಂತ್ರ, ಮೇಲಿನಿಂದ ನೋಡುವ ಡ್ರೋನ್, ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಇಡೀ ಕಟ್ಟಡವನ್ನು ತೋರಿಸುವ ತಂತ್ರಾಂಶಗಳು ಬಂದಿವೆ. ಸಂತೋಷ. ಆದರೆ ನಮ್ಮ ಹಳ್ಳಿಯ ಗೌಂಡಿ, ಹೆಲ್ಪರ್‌ಗಳು ದುಡಿಯುವುದು ಹೆಚ್ಚಾಗಿ ಮೂರು ನಾಲ್ಕು ಮಹಡಿಯ ಸಣ್ಣ ಕಟ್ಟಡಗಳಲ್ಲಿ. ಅಲ್ಲಿರುವ ಯಂತ್ರ ಮೇಸ್ತ್ರಿಯ ಜೇಬಿನ ಮೊಬೈಲೊಂದೇ. ಅದೂ ಸಾಲದೆಂದಲ್ಲ. ಬೆಳಿಗ್ಗೆ ಕೆಲಸಗಾರರ ಹೆಸರು ಸಹಿತ ಒಂದು ಚಿತ್ರ. ಏರುವ ಮುನ್ನ ಸಾರವೆಯ ಕಟ್ಟುಗಳ, ಹೆಲ್ಮೆಟ್ಟು, ಬೆಲ್ಟುಗಳ ಒಂದು ಚಿತ್ರ. ಎರಡೂ ಮಾಲೀಕನಿಗೆ, ಇಂಜಿನಿಯರನಿಗೆ ತಲುಪಲಿ. ಸಾರವೆ ಸರಿಯಿಲ್ಲದ ದಿನ ಯಾರೂ ಏರಬಾರದು. ಕೂಲಿ ಕತ್ತರಿಸಲು ಬಳಸುವ ಹಾಜರಿ ಜೀವ ಉಳಿಸಲೂ ಬಳಕೆಯಾಗಲಿ ಎಂಬುದಷ್ಟೇ ನನ್ನ ಬಿನ್ನಹ.

ನನ್ನ ಶಿಷ್ಯರಲ್ಲಿ ಇಂದು ಇಂಜಿನಿಯರರಿದ್ದೀರಿ, ಗುತ್ತಿಗೆದಾರರಿದ್ದೀರಿ. ನಿಮ್ಮ ಕಟ್ಟಡದಲ್ಲಿ ‘ಆರು ಜನ’ ಎಂದು ಬರೆಯಬೇಡಿ. ಆರು ಹೆಸರು ಬರೆಯಿರಿ. ದುಡಿಯಲು ಹೋಗಿರುವವರೇ, ನಿಮ್ಮ ನೋಂದಣಿಯ ಕಾರ್ಡಿನ ಪ್ರತಿಯನ್ನೂ ಕೆಲಸದ ಸ್ಥಳದ ವಿಳಾಸವನ್ನೂ ಮನೆಗೆ ಕಳುಹಿಸಿಡಿ. ನಾನು ಗೆರೆ ಎಳೆದ ಆ ಹೆಸರನ್ನು ಈಗ ಮರಳಿ ಬರೆಯಲಾರೆ. ನಿಮ್ಮ ಹೆಸರುಗಳಾದರೂ ಎಲ್ಲಿಯೂ ಬಿಟ್ಟುಹೋಗದಿರಲಿ.